ಮೊಡವೆಯ ಕ್ಯಾಪ್ಸೂಲ್ ನನ್ನ ಎದೆ ಸುಟ್ಟದ್ದು

ಮೊಡವೆಗೆ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್, ಹಚ್ಚಲು ಅಡಾಪಲೀನ್ ಕ್ರೀಮು ಬರೆದುಕೊಟ್ಟಿದ್ದಾರೆ, ಸೈಡ್ ಇಫೆಕ್ಟ್ ಓದಿ ಹೆದರಿಕೆ, ಸುಮ್ನೆ ಅರಿಶಿನ ಹಚ್ಚಿದರೆ ಸಾಲದಾ ಅಂತ ಕೇಳಿದ್ದೀರಿ. 2013ರಲ್ಲಿ ಇದೇ ಚೀಟಿ ಹಿಡಿದು ಮಂಗಳೂರಿನಿಂದ ಕಾಸರಗೋಡಿನ ಬಸ್ಸು ಹತ್ತಿದವ ನಾನು. ಮನೆ ಬದಿಯಡ್ಕದ ಹತ್ತಿರ.

ನನ್ನ ಹೆದರಿಕೆಯೆಲ್ಲ ಕ್ರೀಮಿನ ಮೇಲಿತ್ತು. ಬಟಾಣಿ ಕಾಳಿನಷ್ಟೇ ತೆಗೆದು ರಾತ್ರಿ ಮಾತ್ರ ಹಚ್ಚುತ್ತಿದ್ದೆ. ಚರ್ಮ ಸುಲಿಯಿತು, ಉರಿಯಿತು, ಕೆಲವು ವಾರದಲ್ಲಿ ತಗ್ಗಿತು. ಕ್ಯಾಪ್ಸೂಲಿನ ಬಗ್ಗೆ ಯೋಚನೆಯೇ ಇರಲಿಲ್ಲ. ನುಂಗುವುದರಲ್ಲಿ ಏನಿದೆ, ಅಲ್ವಾ?

ಒಂದು ರಾತ್ರಿ ಕರೆಂಟು ಹೋಗಿತ್ತು. ಮಲಗಿದ ಮೇಲೆ ಕ್ಯಾಪ್ಸೂಲ್ ನೆನಪಾಯಿತು. ಕತ್ತಲಲ್ಲಿ ಅಡುಗೆಮನೆಗೆ ಹೋಗಲು ಉದಾಸೀನ. ಚೊಂಬಿನ ತಳದಲ್ಲಿದ್ದ ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಅಡ್ಡವಾದೆ. ಬೆಳಗ್ಗೆ ಉಗುಳು ನುಂಗಿದರೂ ಎದೆಯ ನಡುವೆ ಕೆಂಡ. ಹಾರ್ಟಿನದ್ದೇ ತೊಂದರೆ ಅಂದುಕೊಂಡೆ.

ಡಾಕ್ಟರು ಕೇಳಿದ್ದು ಒಂದೇ, "ಎಷ್ಟು ನೀರು ಕುಡಿದೆ?" ಕ್ಯಾಪ್ಸೂಲ್ ಹೊಟ್ಟೆಗೆ ಇಳಿದಿರಲೇ ಇಲ್ಲವಂತೆ. ಅನ್ನನಾಳಕ್ಕೆ ಅಂಟಿಕೊಂಡು ಅಲ್ಲೇ ಕರಗಿತ್ತು. ಈ ಔಷಧಿ ಕರಗಿದಾಗ ಆಸಿಡ್ ಇದ್ದ ಹಾಗೆ. ಹೊಟ್ಟೆ ತಡೆದುಕೊಳ್ಳುತ್ತದೆ, ಅನ್ನನಾಳ ತಡೆಯುವುದಿಲ್ಲ. ನಾನು ಮಲಗಿದ್ದೆನಲ್ಲ, ಅದು ಕೆಳಗೆ ಜಾರುವುದಾದರೂ ಹೇಗೆ? ಒಂದು ವಾರ ಕುಚ್ಚಲಕ್ಕಿ ಗಂಜಿಯ ತಿಳಿಯೇ ಗತಿ. ಅದೂ ತಣ್ಣಗಾದ ಮೇಲೆ. ಒಂದು ಲೋಟ ನೀರು ಪೂರ್ತಿ ಕುಡಿದು, ಅರ್ಧ ಗಂಟೆ ಕೂತಿದ್ದರೆ ಇದ್ಯಾವುದೂ ಇಲ್ಲ. ನೀವು ರಾತ್ರಿ ಊಟದ ಜೊತೆಗೇ ನುಂಗಿ, ಮಲಗುವ ಹೊತ್ತಿಗೆ ಬೇಡವೇ ಬೇಡ.

ವಾಸಿಯಾಗಿ ಮತ್ತೆ ಶುರು ಮಾಡಿದಾಗ ಅಂಗಳದಲ್ಲಿ ಅಡಿಕೆ ಹರಡುವ ಕೆಲಸ. ಎರಡೇ ದಿನದಲ್ಲಿ ಮೂಗು, ಕೈಯ ಹಿಂಬದಿ ಸುಟ್ಟ ಹಾಗೆ ಕೆಂಪು. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರಿಗೆ ಬಿಸಿಲು ತಡೆಯುವುದಿಲ್ಲ. ಸನ್‌ಸ್ಕ್ರೀನ್ ಹಚ್ಚಿ, ತಲೆಗೆ ಮುಟ್ಟಾಳೆಯನ್ನೂ (ಅಡಿಕೆ ಹಾಳೆಯ ಟೊಪ್ಪಿ) ಇಡಿ.

ಸೈಡ್ ಇಫೆಕ್ಟ್ ಇಲ್ಲದ್ದೇ ಬೇಕು ಅನ್ನುವ ಹಟ ಬಿಡಿ. ಅರಿಶಿನದಿಂದ ನನ್ನ ತಲೆದಿಂಬು ಹಳದಿಯಾಯಿತು, ಅಷ್ಟೇ. ಗರ್ಭಿಣಿಯಾಗಿದ್ದರೆ ಅಥವಾ ಆ ಯೋಚನೆ ಇದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳಿ, ಈ ಕ್ಯಾಪ್ಸೂಲ್, ಕ್ರೀಮು ಎರಡೂ ಆಗ ಬೇಡ. ನಿಜವಾಗಿ ಹೆದರಬೇಕಾದ್ದು ಚೀಟಿ ಇಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಕ್ರೀಮಿಗೆ. ಮೊದಲು ಮುಖ ಹೊಳೆಯುತ್ತದೆ, ಬಿಟ್ಟ ಮೇಲೆ ಮೊಡವೆ ಮೊದಲಿಗಿಂತ ಜಾಸ್ತಿ.

ಮುಂದೆ ಬೆಂಜಾಯಿಲ್ ಪೆರಾಕ್ಸೈಡ್ ಅನ್ನುವ, ಮೊಡವೆಗೆ ಹಚ್ಚುವ ಔಷಧಿ ಕೊಟ್ಟರೆ ಬಿಳಿ ಬೈರಾಸು (ಟವೆಲು) ಇಟ್ಟುಕೊಳ್ಳಿ. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ. ಅಪ್ಪನ ನೀಲಿ ಬೈರಾಸಿನಲ್ಲಿ ಬಿಳಿ ಮಚ್ಚೆ ಬಂದದ್ದು ಹೇಗೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ.