ತೂತು ತಪ್ಪಿದ ಬ್ರಾಕೆಟ್‌ಗೆ ನಾಲ್ಕು ಲಕ್ಷದ ಕ್ಯಾಮೆರಾ ಬೇಕಾ?

ಈ ಸಲ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೇ ಪ್ರಶ್ನೆಗಳೇ. ಬರೆದವರು ಬೇರೆ, ಮಷಿನ್ ಬೇರೆ, ಕೇಳುವುದು ಮಾತ್ರ ಅದೇ: ‘ಕಡಿಮೆ ಖರ್ಚಲ್ಲಿ ಏನಾದರೂ ಜುಗಾಡ್ ಹೇಳಿ ಸರ್.’ ಪುಣೆಯ ಮಷಿನ್ ಶಾಪ್‌ಗಳಲ್ಲಿ ದುಡಿಯುವ ನಮ್ಮವರು ಆ ಮಾತನ್ನು ಹೆಮ್ಮೆಯಿಂದ ಆಡುತ್ತಾರೆ. ನನಗೆ ಕೇಳಿದರೆ ಕಿರಿಕಿರಿ. ಖರ್ಚು ಕಡಿಮೆ ಮಾಡುವುದಕ್ಕೆ ನನ್ನ ತಕರಾರಿಲ್ಲ. ತಂತಿ ಕಟ್ಟಿ, ಟೇಪ್ ಸುತ್ತಿ ಇವತ್ತಿನ ಮಟ್ಟಿಗೆ ಪಾರಾಗುವುದಕ್ಕೆ ತಕರಾರಿದೆ.

‘ಪುಣೆಯ ಭೋಸರಿ ಎಂಐಡಿಸಿಯಲ್ಲಿ (ಕೈಗಾರಿಕಾ ಪ್ರದೇಶ) ನಮ್ಮದು ಸಣ್ಣ ಮಷಿನ್ ಶಾಪ್. ಊರು ಇಂಡಿ ಕಡೆ. ಚಾಕಣದ ಒಂದು ಕಂಪನಿಗೆ 6 ಮಿ.ಮೀ. ದಪ್ಪದ ಬ್ರಾಕೆಟ್ ಕೊಡುತ್ತೇವೆ. ಮಲ್ಟಿ ಸ್ಪಿಂಡಲ್ ಡ್ರಿಲ್‌ನಲ್ಲಿ 9 ಮಿ.ಮೀ.ನ ನಾಲ್ಕು ತೂತು, ಆಮೇಲೆ ಮಿಲ್ಲಿಂಗ್‌ನಲ್ಲಿ ಒಂದು ಸ್ಲಾಟ್. ಒಂದು ಡ್ರಿಲ್ ಮುರಿದದ್ದು ಆಪರೇಟರ್‌ಗೆ ಗೊತ್ತಾಗಲಿಲ್ಲ. ಮೂರೇ ತೂತಿನ ಪೀಸ್‌ಗಳು ಹೋಗಿ ಲಾಟ್ ಪೂರ್ತಿ ವಾಪಸ್ ಬಂತು. ತೂತು ಎಣಿಸುವ ಕ್ಯಾಮೆರಾ ಹಾಕಿ ಅಂತಾರೆ, 4 ಲಕ್ಷದ ಕೊಟೇಶನ್ ಬಂದಿದೆ. ತೂಕ ನೋಡಿದರೆ ಸಾಲದೇ? ಅಥವಾ ಆ ಫ್ಯಾನ್ ಕಥೆಯಂಥದ್ದು ಏನಾದರೂ?’

ಮೊದಲು ಫ್ಯಾನ್ ಕಥೆ ಮುಗಿಸೋಣ. ಸೋಪಿನ ಫ್ಯಾಕ್ಟರಿ, ಖಾಲಿ ಡಬ್ಬಿ, ದೊಡ್ಡ ಎಂಜಿನಿಯರುಗಳು ಎಕ್ಸ್‌ರೇ ಮಷಿನ್ ತಂದರು, ಒಬ್ಬ ಕೂಲಿ ಇಪ್ಪತ್ತು ಡಾಲರ್‌ನ ಫ್ಯಾನ್ ಇಟ್ಟ, ಖಾಲಿ ಡಬ್ಬಿ ಹಾರಿಹೋಯಿತು. ವಾಟ್ಸಾಪ್‌ನಲ್ಲಿ ಇದನ್ನು ಯಾರ್‍ಯಾರೋ ಕಳಿಸುತ್ತಲೇ ಇರುತ್ತಾರೆ. ಕಂಪನಿ ಯಾವುದು, ಊರು ಯಾವುದು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಇರಲಿ, ನಿಜವೇ ಅಂತಿಟ್ಟುಕೊಳ್ಳಿ. ಡಬ್ಬಿ ಯಾಕೆ ಖಾಲಿ ಬಂತು ಅಂತ ಆ ಕಥೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಖಾಲಿ ಡಬ್ಬಿ ಬರುತ್ತಲೇ ಇರುತ್ತದೆ. ದಯವಿಟ್ಟು ಇನ್ನು ಕಳಿಸಬೇಡಿ.

ಇನ್ನು ತೂಕ. ಪೆನ್ನು ಹಿಡಿದು ಲೆಕ್ಕ ಹಾಕಿ. 6 ಮಿ.ಮೀ. ಉಕ್ಕಿನಲ್ಲಿ 9 ಮಿ.ಮೀ. ತೂತು ಹೊಡೆದರೆ ಹೋಗುವ ಲೋಹ ಸುಮಾರು 3 ಗ್ರಾಂ. ನಿಮ್ಮ ಬ್ರಾಕೆಟ್ 700 ಗ್ರಾಂ ಅಂತ ಹಿಡಿಯೋಣ. ಪ್ಲೇಟಿನ ದಪ್ಪ ಬರೀ 0.1 ಮಿ.ಮೀ. ಹೆಚ್ಚುಕಡಿಮೆಯಾದರೂ ತೂಕ ಸುಮಾರು 12 ಗ್ರಾಂ ಆಚೀಚೆ ಆಗುತ್ತದೆ. ಹಾಟ್ ರೋಲ್ಡ್ ಪ್ಲೇಟಿನಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಒಳ್ಳೇ ಪೀಸು ತೂಕದ ಕಾಟಾದಲ್ಲಿ ಫೇಲ್, ಕೆಟ್ಟದ್ದು ಪಾಸ್. ಇದನ್ನು ಹೇಳಿಕೊಟ್ಟವರು ಮಾರಲು ಬಂದದ್ದು ಕಾಟಾ, ಅಲ್ವಾ?

ನಿಮಗೆ ಬೇಕಾದ್ದು ನಾಲ್ಕು ಪಿನ್. ಮಿಲ್ಲಿಂಗ್‌ನಲ್ಲಿ ಪೀಸು ಕೂರಿಸಿ ಹಿಡಿಯುವ ಫಿಕ್ಸ್ಚರ್ ಹೇಗೂ ಇದೆ. ತೂತುಗಳು ಬರುವ ಜಾಗದಲ್ಲಿ 8.5 ಮಿ.ಮೀ.ನ ಹಾರ್ಡನ್ ಮಾಡಿದ ಪಿನ್ ಕೂರಿಸಿ. ತೂತು ಇದ್ದರೆ ಪೀಸು ಕೂರುತ್ತದೆ, ಇಲ್ಲದಿದ್ದರೆ ಆ ಮೂಲೆ ಎತ್ತಿಕೊಂಡು ನಿಲ್ಲುತ್ತದೆ. 8.9 ಮಾಡಲು ಹೋಗಬೇಡಿ. ಪಿನ್ ತೂತಿನ ಸೈಜ್ ಅಳೆಯುವುದಕ್ಕಲ್ಲ, ತೂತು ಇದೆಯಾ ಇಲ್ಲವಾ ಅಂತ ನೋಡುವುದಕ್ಕೆ ಮಾತ್ರ. ಟೈಟ್ ಮಾಡಿದರೆ ತೂತಿನ ಅಂಚಿನಲ್ಲಿ ಬರ್ (ಲೋಹದ ಚೂಪು ಸಿಬಿರು) ಇರುವ ಒಳ್ಳೇ ಪೀಸೂ ಸಿಕ್ಕಿಕೊಳ್ಳುತ್ತದೆ, ಆಪರೇಟರ್ ಸುತ್ತಿಗೆ ಎತ್ತುತ್ತಾನೆ, ವಾರದೊಳಗೆ ಯಾರೋ ಪಿನ್ ಕಿತ್ತು ಹಾಕಿರುತ್ತಾರೆ.

ಎಲ್ಲರೂ ಮರೆಯುವ ವಿಷಯ ಒಂದಿದೆ. ಡ್ರಿಲ್ ತುದಿ ಮುರಿದಾಗ ಕೆಲವು ಪೀಸಿನಲ್ಲಿ ತೂತು ಅರ್ಧ ಆಗಿರುತ್ತದೆ. ಮೇಲಿಂದ ನೋಡಿದರೆ ಸರಿಯಾದ ತೂತಿನ ಹಾಗೇ ಕಾಣುತ್ತದೆ. ಡ್ರಿಲ್ ಒಳಗೆ ಹೋಗುವ ಕಡೆಯಿಂದಲೇ ಪಿನ್ ಕೂಡ ಹೋದರೆ, 4 ಮಿ.ಮೀ. ಎತ್ತರದ ಪಿನ್ನು 4 ಮಿ.ಮೀ. ಆಳದ ಅರ್ಧ ತೂತಿನಲ್ಲಿ ಆರಾಮಾಗಿ ಕೂರುತ್ತದೆ. ಪಿನ್ ಯಾವಾಗಲೂ ಡ್ರಿಲ್ ಹೊರಗೆ ಬರುವ ಕಡೆಯಿಂದ ಹೋಗಬೇಕು. ಮಿಲ್ಲಿಂಗ್‌ನಲ್ಲಿ ಪೀಸನ್ನು ಆ ಮುಖ ಕೆಳಗೆ ಮಾಡಿ ಇಡಲು ಆಗದಿದ್ದರೆ ಪಿನ್‌ಗಳನ್ನು ಕ್ಲ್ಯಾಂಪಿನ ಪ್ಲೇಟಿಗೆ ಹಾಕಿ, ಮೇಲಿಂದ ಇಳಿಸಿ.

ಕ್ಲ್ಯಾಂಪ್ ಕಡೆಯೂ ಕಣ್ಣಿಡಿ. ಹ್ಯಾಂಡಲ್ ಒತ್ತಿ ಪೀಸು ಹಿಡಿಸುವ ಟಾಗಲ್ ಕ್ಲ್ಯಾಂಪಿನ ತುದಿಯಲ್ಲಿ ರಬ್ಬರ್ ಇರುತ್ತದೆ. ಆ ರಬ್ಬರ್ ಒತ್ತಿಕೊಂಡು ಓರೆ ಕೂತ ಪೀಸನ್ನೂ ಹಿಡಿದುಬಿಡುತ್ತದೆ. ಅದನ್ನು ತೆಗೆದು ಬೋಲ್ಟ್ ಹಾಕಿ. ಸರಿಯಾಗಿ ಕೂತ ಪೀಸಿನ ಎತ್ತರಕ್ಕೆ ಮಾತ್ರ ಲಾಕ್ ಆಗುವ ಹಾಗೆ ಸೆಟ್ ಮಾಡಿ ನಟ್ ಬಿಗಿಯಿರಿ. ಪೀಸು ಎದ್ದಿದ್ದರೆ ಹ್ಯಾಂಡಲ್ ಕೆಳಗೆ ಬರಲೇಬಾರದು. ‘ಆಪರೇಟರ್ ನೋಡಿ ತೆಗೆಯಬೇಕು’ ಅಂತ ಎಲ್ಲಾದರೂ ಬರೆದಿದ್ದರೆ ಅದು ಉಪಾಯವೇ ಅಲ್ಲ. ರಾತ್ರಿ ಪಾಳಿಯಲ್ಲಿ ಮೂರು ಗಂಟೆಗೆ ಯಾರೂ ಏನೂ ನೋಡುವುದಿಲ್ಲ.

ಮಿಲ್ಲಿಂಗ್ ಹೊರಗೆ ಜಾಬ್‌ವರ್ಕ್‌ಗೆ ಹೋಗುವುದಾದರೆ ಇದೇ ಪಿನ್ ಪ್ಲೇಟನ್ನು ಡ್ರಿಲ್ ಪಕ್ಕದಲ್ಲೇ ಇಡಿ. ಪೀಸು ಪೂರ್ತಿ ಕೂತರೆ ಕೆಳಗಿನ ಲಿಮಿಟ್ ಸ್ವಿಚ್ ಒತ್ತಬೇಕು, ಆಮೇಲೇ ಡ್ರಿಲ್‌ನ ಮುಂದಿನ ಸೈಕಲ್ ಶುರುವಾಗಬೇಕು. ಪುಣೆಯ ಬುಧವಾರ ಪೇಠೆಯಲ್ಲಿ ಒಂದು ಸುತ್ತು ಹಾಕಿದರೆ ಸ್ವಿಚ್, ರಿಲೇ ಎಲ್ಲಾ ಸಿಗುತ್ತವೆ. ಪಿಎಲ್‌ಸಿ (ಮಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಬೇಡ. ವೈರಿಂಗ್ ಮಾತ್ರ ಸರಿಯಾಗಿರಲಿ: ಸ್ವಿಚ್ ಒತ್ತಿದಾಗ ಮಾತ್ರ ಅದರ ಮೂಲಕ ಕರೆಂಟ್ ಹರಿಯಬೇಕು. ತಂತಿ ಕಡಿದರೆ ಮಷಿನ್ ನಿಲ್ಲಬೇಕೇ ಹೊರತು, ಪೀಸು ಓಕೆ ಅಂತ ಸುಳ್ಳು ಹೇಳಬಾರದು. ಪ್ರತಿ ಪೀಸಿಗೂ ಸ್ವಿಚ್ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ರಿಲೇ ಒಪ್ಪುವ ಹಾಗಿರಲಿ. ಇಲ್ಲದಿದ್ದರೆ ಟೇಪ್ ಸುತ್ತಿ ಒತ್ತಿಯೇ ಇಡುತ್ತಾರೆ. ಇಲ್ಲಿ ಇಂಡಕ್ಟಿವ್ ಪ್ರಾಕ್ಸಿ (ಮುಟ್ಟದೆಯೇ ಲೋಹ ಗುರುತಿಸುವ ಸೆನ್ಸರ್) ಬೇಡ ಅನ್ನುತ್ತೇನೆ. ಅದಕ್ಕೆ ಕಬ್ಬಿಣದ ಚೂರು ಅಂಟಿದರೂ ಪೀಸು ಬಂತು ಅನ್ನುತ್ತದೆ.

ಒಂದು ಕೆಟ್ಟ ಪೀಸಿಗೆ ಕೆಂಪು ಬಣ್ಣ ಬಳಿದು ಮಷಿನ್ ಪಕ್ಕ ನೇತುಹಾಕಿ. ಪಾಳಿ ಶುರುವಾಗುವಾಗ ಅದನ್ನು ಹಾಕಿ ನೋಡಬೇಕು. ಕ್ಲ್ಯಾಂಪ್ ಲಾಕ್ ಆಗಿಬಿಟ್ಟರೆ ಕೆಲಸ ಶುರು ಮಾಡಬೇಡಿ. ಇದು ನನ್ನ ಸ್ವಂತ ಹಠವಲ್ಲ. ವಾಹನದ ಬಿಡಿಭಾಗ ಮಾಡುವವರ ಗುಣಮಟ್ಟದ ಮಾನದಂಡ ಐಎಟಿಎಫ್ 16949 ಕೂಡ ಇಂಥ ಸಾಧನಗಳನ್ನು ಪರೀಕ್ಷಿಸಬೇಕು ಅನ್ನುತ್ತದೆ. ನಿಮ್ಮ ಗಿರಾಕಿಯ ಆಡಿಟರ್ ಮೊದಲು ಕೇಳುವುದೂ ಇದನ್ನೇ.

ಇಷ್ಟಾದರೂ ಪಿನ್ ಹಿಡಿಯುವುದು ಮುರಿದ ಮೇಲಿನ ಕಥೆ. ಡ್ರಿಲ್ ಯಾಕೆ ಮುರಿಯಿತು? ಸಾಮಾನ್ಯವಾಗಿ ಮೊಂಡಾಗಿರುತ್ತದೆ. ನಿಮ್ಮ ಪ್ಲೇಟಿನಲ್ಲಿ ಎಷ್ಟು ತೂತಿಗೆ ಮೊಂಡಾಗುತ್ತದೆ ಅಂತ ಕೆಲವು ದಿನ ಬರೆದಿಡಿ. ಅದಕ್ಕಿಂತ ಮೊದಲೇ ತೆಗೆದು ಸಾಣೆ ಹಿಡಿಸಿ. ಮಷಿನ್‌ಗೆ ಒಂದು ಕೌಂಟರ್ ಹಾಕಿದರೆ ನೆನಪಿಡುವ ಗೋಜೂ ಇಲ್ಲ.

ಇದರಲ್ಲಿ ಹೊಸದೇನೂ ಇಲ್ಲ. 1961ರಲ್ಲಿ ಜಪಾನಿನ ಯಮಾದಾ ಎಲೆಕ್ಟ್ರಿಕ್‌ನಲ್ಲಿ ಒಂದು ಪುಟ್ಟ ಸ್ವಿಚ್ ಜೋಡಿಸುವಾಗ ಎರಡು ಸ್ಪ್ರಿಂಗ್‌ಗಳಲ್ಲಿ ಒಂದನ್ನು ಮರೆಯುತ್ತಿದ್ದರು. ಎಂಜಿನಿಯರ್ ಶಿಗೆಯೊ ಶಿಂಗೊ ಮಾಡಿದ್ದು ಇಷ್ಟೇ: ಮೊದಲು ಎರಡೂ ಸ್ಪ್ರಿಂಗನ್ನು ಒಂದು ಚಿಕ್ಕ ತಟ್ಟೆಗೆ ಹಾಕಿಕೋ, ಆಮೇಲೆ ಜೋಡಿಸು. ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದರೆ ಮರೆತಿದ್ದೀಯ ಅಂತ ಅರ್ಥ. ಒಂದು ತಟ್ಟೆಯ ಖರ್ಚು. ಕ್ಯಾಮೆರಾ ಬೇಡವೇ ಬೇಡ ಅಂತಲ್ಲ. ಗೀರು, ಬಣ್ಣ, ಪ್ರಿಂಟ್ ಇಂಥವನ್ನು ಪಿನ್ ಹಿಡಿಯುವುದಿಲ್ಲ, ಅಲ್ಲಿ ಕ್ಯಾಮೆರಾ ಕೊಳ್ಳಿ. ಎಣ್ಣೆ ಮೆತ್ತಿದ ಬ್ರಾಕೆಟ್‌ನ ನಾಲ್ಕು ತೂತು ಎಣಿಸಲು ಸುಮ್ನೆ ಯಾಕೆ?

‘ಪವರ್ ಪ್ರೆಸ್‌ಗೆ ಎರಡು ಕೈ ಬಟನ್ ಇದೆ. ಒಂದಕ್ಕೆ ಟೇಪ್ ಹಾಕಿದರೆ ಪ್ರೊಡಕ್ಷನ್ ಜಾಸ್ತಿ ಬರುತ್ತದೆ. ಹುಡುಗರು ಹುಷಾರಾಗಿದ್ದಾರೆ. ತೊಂದರೆ ಇಲ್ಲ ತಾನೇ?’

ಟೇಪ್ ಈಗಲೇ ಕೀಳಿ. ಎರಡೂ ಕೈ ಡೈಯಿಂದ (ಒತ್ತುವ ಅಚ್ಚು) ದೂರ ಇರಲಿ ಅಂತಲೇ ಆ ಎರಡು ಬಟನ್. ನಿಮ್ಮದು ಕೀ ಕ್ಲಚ್ ಪ್ರೆಸ್ ಆಗಿದ್ದರೆ ಇನ್ನೊಂದು ಮಾತು ತಿಳಿದಿರಲಿ. ಒಮ್ಮೆ ಬಿಟ್ಟರೆ ಸ್ಟ್ರೋಕ್ ಪೂರ್ತಿ ಆಗಿಯೇ ನಿಲ್ಲುವುದು, ನಡುವೆ ನಿಲ್ಲಿಸುವ ಮಾತೇ ಇಲ್ಲ. ಅಂಥ ಪ್ರೆಸ್‌ಗೆ ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಗುರುತಿಸುವ ಸೆನ್ಸರ್) ಮಾರಲು ಬಂದವನನ್ನೂ ಗೇಟಿನಿಂದಲೇ ಕಳಿಸಿ. ಕೈ ಬಂತು ಅಂತ ಕರ್ಟನ್ ಹೇಳಿದರೂ ಪ್ರೆಸ್ ಕೇಳುವುದಿಲ್ಲ. ಡೈ ಸುತ್ತ ಬೆರಳು ತೂರದ ಹಾಗೆ, 6 ಮಿ.ಮೀ.ಗಿಂತ ಕಡಿಮೆ ಸಂದಿನ ಗಾರ್ಡ್ ಬೆಸುಗೆ ಹಾಕಿಸಿ. ಪೀಸು ಹಾಕಲು ಒಂದು ಇಳಿಜಾರು, ಹೊರಗೆ ಬೀಳಲು ಇನ್ನೊಂದು. ಎಲ್ಲಾ ಸ್ಕ್ರ್ಯಾಪ್ ಶೀಟ್‌ನಲ್ಲೇ ಆಗುತ್ತದೆ, ವೇಗವೂ ಬರುತ್ತದೆ. ಹುಷಾರಿ ಹುಡುಗರ ಬೆರಳು ಹೋದದ್ದನ್ನು ನಾನು ನೋಡಿದ್ದೇನೆ. ಈ ವಿಷಯದಲ್ಲಿ ನನ್ನ ಹತ್ತಿರ ಚರ್ಚೆಗೆ ಬರಬೇಡಿ.

‘ಗೋವಾದ ವೆರ್ಣಾದಲ್ಲಿದ್ದೇನೆ. ಗಾಳಿ ಕಂಪ್ರೆಸರ್‌ನ ಕರೆಂಟ್ ಬಿಲ್ ಜಾಸ್ತಿ. ಹೊಸದು ಕೊಳ್ಳಲೇ?’

ಮೊದಲು ಸೋರಿಕೆ ನೋಡಿ. ಭಾನುವಾರ ಎಲ್ಲಾ ಮಷಿನ್ ನಿಲ್ಲಿಸಿ ಕಂಪ್ರೆಸರ್ ಒಂದೇ ಓಡಿಸಿ. ಎಷ್ಟು ಸೆಕೆಂಡ್ ಲೋಡ್ (ಗಾಳಿ ತುಂಬುವುದು), ಎಷ್ಟು ಅನ್‌ಲೋಡ್ (ತುಂಬದೆ ಸುಮ್ಮನಿರುವುದು) ಬರೆದುಕೊಳ್ಳಿ. ಲೋಡನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸೋರಿಕೆಯ ಪಾಲು. 30 ಸೆಕೆಂಡ್ ಲೋಡ್, 90 ಅನ್‌ಲೋಡ್ ಅಂದರೆ ಕಂಪ್ರೆಸರ್ ಸಾಮರ್ಥ್ಯದ ಕಾಲು ಭಾಗ ಗಾಳಿ ಸುಮ್ಮನೆ ಹೋಗುತ್ತಿದೆ. 7 ಬಾರ್‌ನಲ್ಲಿ 3 ಮಿ.ಮೀ.ನ ಒಂದೇ ತೂತು ಸುಮಾರು 3 ಕಿಲೋವ್ಯಾಟ್ ತಿನ್ನುತ್ತದೆ. ಸೋಪಿನ ನೀರು, ಬ್ರಶ್ ಹಿಡಿದು ಜಾಯಿಂಟ್ ಜಾಯಿಂಟ್ ನೋಡಿ. ಪಿಯು (ಪ್ಲಾಸ್ಟಿಕ್) ಪೈಪನ್ನು ಹ್ಯಾಕ್ಸಾದಲ್ಲಿ ಓರೆ ಕೊಯ್ದು ಪುಶ್ ಫಿಟಿಂಗ್‌ಗೆ ತುರುಕಿದ ಕಡೆಯೆಲ್ಲಾ ಗುಳ್ಳೆ ಬರುತ್ತದೆ. ಪೈಪ್ ಕಟರ್ ಒಂದು ಕೊಳ್ಳಿ.

‘ಸಾಕೆಟ್‌ಗೆ ಚುಚ್ಚಿದರೆ ಕರೆಂಟ್ ಬಿಲ್ 30 ಪರ್ಸೆಂಟ್ ಇಳಿಸುವ ಡಬ್ಬಿ?’

ಮೋಸ.

‘ಸೋಮವಾರ ಬೆಳಿಗ್ಗೆ ಮಷಿನ್‌ನ ಕೂಲಂಟ್ (ತಂಪು ಮಾಡುವ ದ್ರವ) ಗಬ್ಬು ನಾತ. ಫಿನೈಲ್ ಹಾಕಲೇ?’

ಹಾಕಬೇಡಿ, ಕೈ ಚರ್ಮ ಹೋಗುತ್ತದೆ. ಮೇಲೆ ತೇಲುವ ಎಣ್ಣೆಯ ಪದರ ಗಾಳಿ ತಡೆಯುತ್ತದೆ, ಗಾಳಿ ಇಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ ನಾತ ಬಿಡುತ್ತವೆ. ಶನಿವಾರ ಎಣ್ಣೆ ತೆಗೆದು, ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪ್ ಒಂದನ್ನು ಟ್ಯಾಂಕಿಗೆ ಬಿಟ್ಟು ಹೋಗಿ.

‘ಕಂಪ್ರೆಸರ್ ಆಗ್ನೇಯ ಮೂಲೆಯಲ್ಲೇ ಇರಬೇಕು ಅಂತ ವಾಸ್ತುವಿನವರು ಹೇಳಿದ್ದಾರೆ. ಅಲ್ಲಿ ನಮ್ಮ ಫರ್ನೇಸ್ ಇದೆ.’

ಒಳಗೆ ಎಳೆಯುವ ಗಾಳಿ 4 ಡಿಗ್ರಿ ಬಿಸಿಯಾದರೆ ಸುಮಾರು 1 ಪರ್ಸೆಂಟ್ ಕರೆಂಟ್ ಜಾಸ್ತಿ ಬೇಕು. ಫರ್ನೇಸ್ ಪಕ್ಕ ಬೇಡ. ಮಾಲೀಕರು ಹಠ ಹಿಡಿದರೆ ಕಂಪ್ರೆಸರ್ ಅಲ್ಲೇ ಇಟ್ಟು, ಗಾಳಿ ಎಳೆಯುವ ಪೈಪನ್ನು ಗೋಡೆಯಾಚೆ ನೆರಳಿಗೆ ಬಿಡಿ. ಪೈಪ್ ದಪ್ಪ ಇರಲಿ, ಫಿಲ್ಟರ್ ಮರೆಯಬೇಡಿ.