ಅಮೆರಿಕದ ರೇಡಿಯೋ ಹಾಕಿದ ಮೇಲೆ ಒಂದೇ ಬ್ಯಾಟರಿ ಡೌನ್ ಆಗುತ್ತಿದ್ದರೆ
ಯುರೋಪಿನ ಟ್ರಕ್ಕಿಗೆ 12 ವೋಲ್ಟಿನ ಅಮೆರಿಕದ ರೇಡಿಯೋ ಹಾಕಿದ ಮೇಲೆ ಎರಡರಲ್ಲಿ ಒಂದೇ ಬ್ಯಾಟರಿ ಡೌನ್ ಆಗುತ್ತಿದೆ ಅಂತ ಕೇಳಿದ್ದೀರಿ. ರೇಡಿಯೋಗೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದೀರಲ್ಲ, ತೊಂದರೆ ಬಹುಶಃ ಅಲ್ಲೇ. ಅಮೆರಿಕದ ಟ್ರಕ್ಕಿನಲ್ಲಿ ಮೂರು-ನಾಲ್ಕು ಬ್ಯಾಟರಿ ಪ್ಯಾರಲಲ್ ಆಗಿರುತ್ತವೆ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್), ಒಟ್ಟು 12 ವೋಲ್ಟೇ. ಎಲ್ಲಿಂದ ಎಳೆದರೂ ಹೊರೆ ಹಂಚಿಹೋಗುತ್ತದೆ. ನಿಮ್ಮ ಯುರೋಪಿನ ಗಾಡಿಯಲ್ಲಿ ಎರಡು ಬ್ಯಾಟರಿ ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ), 24 ವೋಲ್ಟ್. ಒಂದರಿಂದಲೇ ಎಳೆದರೆ ಅದು ಸೊರಗುತ್ತದೆ, ಇನ್ನೊಂದಕ್ಕೆ ಚಾರ್ಜ್ ಜಾಸ್ತಿಯಾಗಿ ನೀರು ಆರುತ್ತದೆ. ನನ್ನ ಗಾಡಿಯಲ್ಲಿ ಮೀಟರ್ ಇಟ್ಟರೆ ಒಂದು 12.8, ಇನ್ನೊಂದು 11.7!

ಮೊದಲು ಆ ವೈರ್ ಬಿಚ್ಚಿ. ನಡುವಿನ ಕೇಬಲ್ ತೆಗೆದು ಎರಡನ್ನೂ ಬೇರೆ ಬೇರೆ ಫುಲ್ ಚಾರ್ಜ್ ಮಾಡಿ. ಒಂದು ರಾತ್ರಿ ಬಿಟ್ಟು ಅಳೆಯಿರಿ. ಸೊರಗಿದ್ದು ಉಳಿಯುತ್ತದೋ ಇಲ್ಲವೋ ಲೋಡ್ ಟೆಸ್ಟ್ (ಹೊರೆ ಹಾಕಿ ವೋಲ್ಟೇಜ್ ನೋಡುವುದು) ಮಾಡದೆ ಹೇಳೋಕಾಗಲ್ಲ. ಹೋಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಆಮೇಲೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೊಟ್ಟು ರೇಡಿಯೋ ಜೋಡಿಸಿ.