ಹಳೆಯ ಕಾರ್ಡಿಗೆ ಅಗಲ ಮಾನಿಟರ್ ಹೊಂದುತ್ತದೆಯೇ?

ಪ್ರಶ್ನೆ: 29 ಇಂಚಿನ 21:9 ಮಾನಿಟರ್ (2560×1080, 75 ಹರ್ಟ್ಸ್) ಕೊಂಡಿದ್ದೇನೆ. ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಕಳಿಸುವ ಕಾರ್ಡ್) 2014ರ ಜಿಟಿಎಕ್ಸ್ 750 ಟಿಐ. ಹಳೆಯ ಡಿವಿಐ ಕೇಬಲ್ಲಿನ ತುದಿಗೆ ಎಚ್‌ಡಿಎಂಐ ಅಡಾಪ್ಟರ್ ಸಿಕ್ಕಿಸಿ ಜೋಡಿಸಿದ್ದೇನೆ. ರೆಸಲ್ಯೂಶನ್ ಪಟ್ಟಿಯಲ್ಲಿ 1920×1080ಕ್ಕಿಂತ ಹೆಚ್ಚಿನದು ಬರುವುದೇ ಇಲ್ಲ, ದುಂಡಗಿರುವುದೆಲ್ಲ ಮೊಟ್ಟೆಯಂತೆ ಕಾಣುತ್ತದೆ. ಅಂಗಡಿಯವರು ಹೊಸ ಕಾರ್ಡ್ ಹಾಕಿಸಿ ಎನ್ನುತ್ತಾರೆ. ಹಾಕಿಸಲೇಬೇಕೆ?
– ಓದುಗರು, ದಾವಣಗೆರೆ

ಉತ್ತರ: ಬೇಡ. ನಿಮ್ಮ ಕಾರ್ಡಿಗೆ ಆ ಶಕ್ತಿ ಇದೆ, ಅಡ್ಡ ಬಂದಿರುವುದು ಆ ಡಿವಿಐ ದಾರಿ. ಸಿಂಗಲ್ ಲಿಂಕ್ (ಒಂದೇ ಜೋಡಣೆಯ) ಡಿವಿಐ ಸಾಗಿಸಬಲ್ಲ ಪಿಕ್ಸೆಲ್ ಕ್ಲಾಕ್, ಅಂದರೆ ಚಿತ್ರದ ಚುಕ್ಕಿಗಳನ್ನು ಕಳಿಸುವ ವೇಗ, 165 ಮೆಗಾಹರ್ಟ್ಸ್‌ವರೆಗೆ ಮಾತ್ರ. 2560×1080ಕ್ಕೆ 60 ಹರ್ಟ್ಸ್‌ನಲ್ಲೇ (ಸೆಕೆಂಡಿಗೆ 60 ಚಿತ್ರ) ಸುಮಾರು 181 ಬೇಕು, 75ರಲ್ಲಿ ಸುಮಾರು 228. ಡ್ಯುಯಲ್ ಲಿಂಕ್ (ಎರಡು ಜೋಡಣೆಯ) ಕೇಬಲ್ ತಂದರೂ ಉಪಯೋಗವಿಲ್ಲ, ಏಕೆಂದರೆ ಸಾಮಾನ್ಯ ಅಡಾಪ್ಟರಿನೊಳಗೆ ಎರಡನೆಯ ಲಿಂಕಿನ ತಂತಿಗಳೇ ಇರುವುದಿಲ್ಲ.

ಕಾರ್ಡಿನ ಎಚ್‌ಡಿಎಂಐ 1.4 ಕಿಂಡಿಗೆ 340 ಮೆಗಾಹರ್ಟ್ಸ್‌ವರೆಗೆ ಅವಕಾಶವಿದೆ. ಅಲ್ಲಿಂದ ಮಾನಿಟರಿಗೆ ನೇರವಾಗಿ ‘ಹೈ ಸ್ಪೀಡ್’ ಎಂದು ಬರೆದಿರುವ ಒಂದು ಕೇಬಲ್ ಎಳೆಯಿರಿ. ಕೊಳ್ಳುವ ಮುಂಚೆ ಕಾರ್ಡಿನ ಹಿಂಬದಿ ನೋಡಿಕೊಳ್ಳಿ: ಈ ಮಾದರಿಯ ಅನೇಕ ಕಾರ್ಡುಗಳಲ್ಲಿ ಇರುವುದು ಮಿನಿ ಎಚ್‌ಡಿಎಂಐ, ಅದಕ್ಕೆ ದೊಡ್ಡ ತುದಿ ಹಿಡಿಸದು. ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಕಿಂಡಿ ಇದೆಯೆಂದು ಅಗ್ಗದ ಎಚ್‌ಡಿಎಂಐ–ಡಿಸ್‌ಪ್ಲೇಪೋರ್ಟ್ ಕೇಬಲ್ ಕೊಳ್ಳಬೇಡಿ. ಅಂಥವು ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಮಾತ್ರ ಕೆಲಸ ಮಾಡುತ್ತವೆ, ತಿರುಗಿಸಿ ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಜೋಡಿಸಿದ ಮೇಲೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ‘ಚೇಂಜ್ ರೆಸಲ್ಯೂಶನ್’ ತೆರೆಯಿರಿ. ಪಟ್ಟಿ ಟಿವಿ ಗಾತ್ರಗಳಿಂದ ಶುರುವಾಗುತ್ತದೆ. ಕೆಳಗೆ ‘ಪಿಸಿ’ ಎಂಬ ಗುಂಪಿನವರೆಗೂ ಇಳಿದು 2560×1080 ಆರಿಸಿ. ಅದೇ ಪುಟದಲ್ಲಿ ಬಣ್ಣದ ಬಗೆ ‘ಆರ್‌ಜಿಬಿ’, ‘ಡೈನಮಿಕ್ ರೇಂಜ್’ ‘ಫುಲ್’ ಇರಲಿ. ಎಚ್‌ಡಿಎಂಐ ಹಾಕಿದಾಗ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಮಾನಿಟರನ್ನು ಟಿವಿ ಎಂದುಕೊಂಡು ‘ಲಿಮಿಟೆಡ್’ ಇಟ್ಟುಬಿಡುವುದುಂಟು. ಆಗ ಕಪ್ಪು ಬಣ್ಣ ಬೂದು ಬಣ್ಣವಾಗಿ ಕಾಣುತ್ತದೆ, ಜನ ಮಾನಿಟರ್ ಸರಿಯಿಲ್ಲವೆಂದು ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ಹೊಸ ಡ್ರೈವರ್‌ಗಳನ್ನು ಕುರುಡಾಗಿ ಹಾಕಬೇಡಿ. ಈ ಪೀಳಿಗೆಗೆ 580ರ ಸರಣಿಯೇ ಕೊನೆಯದು.

ಆಟ ಆಡುವವರಾದರೆ ಇನ್ನೊಂದು ಮಾತು. ಈಗ ಕಾರ್ಡ್ ಬಿಡಿಸಬೇಕಾದ ಚುಕ್ಕಿಗಳು ಮೂರನೇ ಒಂದರಷ್ಟು ಹೆಚ್ಚು. 2 ಜಿಬಿ ಮೆಮೊರಿಯ ಕಾರ್ಡಿಗೆ ಅದು ಹೊರೆಯೇ. ಮೊದಲು ನೆರಳಿನ ಗುಣಮಟ್ಟ ಇಳಿಸಿ. ಸಾಲದಿದ್ದರೆ ಆಟವನ್ನು 1920×1080ರಲ್ಲೇ ಆಡಿ, ಸ್ಕೇಲಿಂಗ್ ‘ಆಸ್ಪೆಕ್ಟ್ ರೇಷಿಯೊ’ ಎಂದಿಡಿ. ಎರಡು ಬದಿ ಕಪ್ಪು ಪಟ್ಟಿ ಬರುತ್ತದೆ, ಆದರೆ ಚಿತ್ರ ಹಿಗ್ಗುವುದಿಲ್ಲ.

ಪ್ರಶ್ನೆ: ಇದೇ ಕಾರ್ಡಿಗೆ 34 ಇಂಚಿನ 3440×1440 ಮಾನಿಟರ್ ಹಾಕಬಹುದೆ?
– ಓದುಗರು, ಮೈಸೂರು

ಉತ್ತರ: ಬರಹ, ಲೆಕ್ಕಪತ್ರದ ಕೆಲಸಕ್ಕೆ ಆದೀತು. 60 ಹರ್ಟ್ಸ್‌ಗೆ ಸುಮಾರು 320 ಮೆಗಾಹರ್ಟ್ಸ್ ಬೇಕು, 340ರೊಳಗೆ ಹೇಗೋ ಹಿಡಿಯುತ್ತದೆ. ಆದರೆ ಕೆಲವು ಮಾನಿಟರ್‌ಗಳು ಎಚ್‌ಡಿಎಂಐನಲ್ಲಿ 50 ಹರ್ಟ್ಸ್ ಮಾತ್ರ ಒಪ್ಪುತ್ತವೆ. ಕೊಳ್ಳುವ ಮೊದಲು ಕೈಪಿಡಿಯ ಕೋಷ್ಟಕ ಓದಿ. 75 ಹರ್ಟ್ಸ್ ಆಸೆ ಬಿಡಿ. ಅದು ಬೇಕೇ ಬೇಕೆಂದರೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 960 ಸಾಕು, ಅದರಲ್ಲಿ ಡಿಸ್‌ಪ್ಲೇಪೋರ್ಟ್ 1.2 ಇದೆ. ಅದು ಎಳೆಯುವುದು 120 ವ್ಯಾಟ್, 750 ಟಿಐಯ ಎರಡರಷ್ಟು. ಪವರ್ ಸಪ್ಲೈಯಲ್ಲಿ 6 ಪಿನ್ನಿನ ಕೇಬಲ್ ಇದೆಯೇ ನೋಡಿಕೊಂಡೇ ದುಡ್ಡು ಕೊಡಿ.